ಐದು ಪೈಸೆ ಚೀಟಿಯ ಕಥೆ

ಮೊನ್ನೆ ಊರಿಗೆ ಹೋಗಿದ್ದಾಗ ಅಜ್ಜನ ಹಳೇ ಟ್ರಂಕು ಕೆದಕುತ್ತಾ ಕೂತಿದ್ದೆ. 1972ರ ಒಂದು ಲಕೋಟೆ ಸಿಕ್ಕಿತು. ಮಾಮೂಲಿ ಅಂಚೆಚೀಟಿಯ ಪಕ್ಕದಲ್ಲೇ ಇನ್ನೊಂದು 5 ಪೈಸೆಯ ಪುಟ್ಟ ಚೀಟಿ, ಅದರ ಮೇಲೆ ‘ರೆಫ್ಯೂಜಿ ರಿಲೀಫ್’ ಅಂತ ಬರೆದಿದೆ. ಇದೇನಪ್ಪಾ ಅಂತ ಹುಡುಕುತ್ತಾ ಹೋದೆ...

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದರು. ಅವರಿಗೆ ಊಟ, ಸೂರು, ಔಷಧಿ ಎಲ್ಲಾ ಆಗಬೇಕಿತ್ತು. ಇಷ್ಟು ದೊಡ್ಡ ಖರ್ಚನ್ನು ಯಾವ ಬಜೆಟ್ಟೂ ಮೊದಲೇ ಊಹಿಸಿರುವುದಿಲ್ಲ. ಆಗ ಅರ್ಥಮಂತ್ರಿ ವೈ. ಬಿ. ಚವಾಣ್. ನವೆಂಬರ್ 15ರಿಂದ ಕಾಗದಗಳಿಗೆ 5 ಪೈಸೆ ಹೆಚ್ಚುವರಿ ಚೀಟಿ ಕಡ್ಡಾಯವಾಯಿತು. ರೈಲು, ವಿಮಾನ ಟಿಕೆಟ್ಟಿನ ಮೇಲೂ ತೆರಿಗೆ ಬಿತ್ತು. ಮೊದಮೊದಲು ಕುಟುಂಬ ಯೋಜನೆಯ ಚೀಟಿಗಳ ಮೇಲೇ ಹೊಸ ಅಕ್ಷರ ಒತ್ತಿ ಮಾರಿದರಂತೆ! ಡಿಸೆಂಬರಿನಲ್ಲಿ ಯುದ್ಧವೂ ಬಂತು.

ತೆರಿಗೆ ಸಾಲದಿದ್ದರೆ ಸಾಲ. ಸಾಲವೂ ಸಾಲದಿದ್ದರೆ?

ಅದಕ್ಕೊಂದು ದಾರಿ ಮೊದಲೇ ಇತ್ತು. 1955ರ ಏರ್ಪಾಟಿನ ಪ್ರಕಾರ ರಿಸರ್ವ್ ಬ್ಯಾಂಕಿನಲ್ಲಿ ಸರ್ಕಾರದ ಖಾತೆ 50 ಕೋಟಿ ರೂಪಾಯಿಗಿಂತ ಕೆಳಗಿಳಿದರೆ ‘ಅಡ್ ಹಾಕ್ ಟ್ರೆಷರಿ ಬಿಲ್’ ತಾನಾಗಿಯೇ ಹುಟ್ಟುತ್ತಿತ್ತು. ಬ್ಯಾಂಕು ಅದನ್ನು ಇಟ್ಟುಕೊಂಡು ಖಾತೆ ತುಂಬುತ್ತಿತ್ತು. ಅಂದರೆ ಹೊಸ ದುಡ್ಡು. ಬಿಲ್ಲಿನ ಅವಧಿ 91 ದಿನ. ಮುಗಿದ ಮೇಲೆ? ಇನ್ನೊಂದು ಬಿಲ್ಲು!

ನಮ್ಮ ಕೋಡಿನಲ್ಲೂ ಹೀಗೇ ಅಲ್ವಾ? ರಾತ್ರಿ ಎರಡು ಗಂಟೆಗೆ ‘ಟೆಂಪರರಿ ಫಿಕ್ಸ್’ ಅಂತ ಕಾಮೆಂಟ್ ಹಾಕಿ ಸೇರಿಸಿದ ಸಾಲು, ಬರೆದವನು ಕೆಲಸ ಬಿಟ್ಟು ಹೋದರೂ ಅಲ್ಲೇ ಇರುತ್ತೆ.

1972ರಲ್ಲಿ ಬರ, 1973ರಲ್ಲಿ ತೈಲದ ಬೆಲೆಯ ಹೊಡೆತ. ಎಲ್ಲಾ ಸೇರಿ 1974-75ರಲ್ಲಿ ಸಗಟು ಬೆಲೆಗಳು ಶೇ. 25ರಷ್ಟು ಏರಿದವು. ಇದಕ್ಕೆಲ್ಲಾ ಕೊರತೆಯೊಂದೇ ಕಾರಣ ಅನ್ನಲಾಗದು. ಆದರೆ ಬೆಲೆಯೇರಿಕೆ ಅನ್ನೋದು ಚೀಟಿ ಅಂಟಿಸದೇ ವಸೂಲಾಗುವ ತೆರಿಗೆ. ದಿನಗೂಲಿಯವನೂ ಕಟ್ಟುತ್ತಾನೆ, ಯಾವ ಲಕೋಟೆಯ ಮೇಲೂ ಅದರ ಗುರುತಿರುವುದಿಲ್ಲ.

ಕಣ್ಣಿಗೆ ಕಾಣುತ್ತಿದ್ದ 5 ಪೈಸೆ ಚೀಟಿ 1973ರ ಮಾರ್ಚಿಗೆ ನಿಂತಿತು. ಕಣ್ಣಿಗೆ ಕಾಣದ ಅಡ್ ಹಾಕ್ ಬಿಲ್ ನಿಂತಿದ್ದು 1997ರ ಏಪ್ರಿಲಿನಲ್ಲಿ!

ಕೋವಿಡ್ ಬಂದ 2020-21ರಲ್ಲಿ ಕೇಂದ್ರದ ವಿತ್ತೀಯ ಕೊರತೆ ಜಿಡಿಪಿಯ ಶೇ. 3.5 ಇರಬೇಕಿದ್ದದ್ದು ಶೇ. 9.2 ಆಯಿತು. ಕಷ್ಟಕಾಲದಲ್ಲಿ ಖರ್ಚು ಮಾಡಲೇಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಒಂದು ಕೋಟಿ ಜನರನ್ನು ಉಪವಾಸ ಕೆಡವಲಾಗುತ್ತಿತ್ತೇ? ಆದರೆ ಬಿಲ್ಲು ಯಾರ ಹೆಸರಿಗೆ ಹೋಯಿತು ಅಂತ ಬರೆದಿಟ್ಟಿರಬೇಕು. ಅಜ್ಜನ ಲಕೋಟೆಯ ಮೇಲೆ ಅದು ಇತ್ತು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಲಕೋಟೆ ಇರಬಹುದು, ಸಿಕ್ಕರೆ ಹೇಳಿ :)