ಜಾಂಗಲಶಬ್ದವೂ ಭೂಪರೀಕ್ಷೆಯೂ

ಇಂಗ್ಲೆಂಡಿನಲ್ಲಿ 2021ರ ಪರಿಸರ ಶಾಸನವನ್ನನುಸರಿಸಿ, 2024ರ ಫೆಬ್ರವರಿ ಮೊದಲ್ಗೊಂಡು, ನೆಲದ ಮೇಲೆ ಕಟ್ಟಡಗಳನ್ನೆಬ್ಬಿಸುವವರಲ್ಲಿ ಬಹುಮಂದಿ ಅಲ್ಲಿಯ ಜೀವವೈವಿಧ್ಯವನ್ನು ನೂರಕ್ಕೆ 10ರಷ್ಟಾದರೂ ಹೆಚ್ಚಿಸಿಕೊಡಬೇಕೆಂಬ ವಿಧಿಯುಂಟಾಗಿದೆ. ನೆಲದ ವಿಸ್ತೀರ್ಣ, ವೈಶಿಷ್ಟ್ಯ, ಸ್ಥಿತಿ ಮೊದಲಾದುವನ್ನು ಅಂಕಗಳಾಗಿ ಗುಣಿಸಿ ಬೆಲೆ ಕಟ್ಟುವರು. ಹುಲ್ಲುಗಾವಲಿನ ಸ್ಥಿತಿಯನ್ನು ಹುಲ್ಲುಗಾವಲಿನ ಲಕ್ಷಣಗಳಿಂದಲೇ, ಕಾಡಿನದನ್ನು ಕಾಡಿನ ಲಕ್ಷಣಗಳಿಂದಲೇ ನಿರ್ಣಯಿಸುವರು. ಅಂಕಗಣಿತವು ಹೊಸದು, ಲಕ್ಷಣಭೇದದ ನ್ಯಾಯವು ನಮ್ಮಲ್ಲಿ ಹಳೆಯದು.

ಚರಕಸಂಹಿತೆಯ ಕಲ್ಪಸ್ಥಾನದ ಪ್ರಥಮಾಧ್ಯಾಯದಲ್ಲಿ ದೇಶವನ್ನು ಜಾಂಗಲ, ಆನೂಪ, ಸಾಧಾರಣಗಳೆಂದು ವಿಭಾಗಿಸಿದೆ. ಬಯಲಾದ ಆಕಾಶ, ಒಣಗಾಳಿ, ಬಿಸಿಲ್ಗುದುರೆ, ಮರಳುಗರಸುಗಳಿಂದ ಒರಟಾದ ನೆಲ, ಕಗ್ಗಲಿ ಬನ್ನಿ ಬೋರೆಗಳ ಮರಗಳು, ಲಾವುಗೆ ಗೌಜಲು ಚಕೋರಗಳ ಸಂಚಾರ: ಇದು ಜಾಂಗಲ. ತೆಂಗು, ಬಾಳೆ, ತಮಾಲಗಳೂ ನದೀಸಮುದ್ರತೀರಗಳೂ ಹಂಸಚಕ್ರವಾಕಗಳೂ ಉಳ್ಳದ್ದು ಆನೂಪ. ಎರಡರ ಲಕ್ಷಣಗಳೂ ಬೆರೆತದ್ದು ಸಾಧಾರಣ. ಕೌಟಿಲ್ಯನಲ್ಲಿ ಅಳತೆಯೂ ಉಂಟು: ಅರ್ಥಶಾಸ್ತ್ರದ ಸೀತಾಧ್ಯಕ್ಷಪ್ರಕರಣದಲ್ಲಿ ಜಾಂಗಲಕ್ಕೆ 16 ದ್ರೋಣ ಮಳೆಯೆಂದೂ ಆನೂಪಕ್ಕೆ ಅದರ ಒಂದೂವರೆಯಷ್ಟೆಂದೂ ಹೇಳಿದೆ.

ಇಲ್ಲಿ ಮುಖ್ಯವಾದುದೇನೆಂದರೆ, ಒಣನೆಲವು ಹೀನವೆಂದು ಪ್ರಾಚೀನರು ಎಣಿಸಲಿಲ್ಲ. ಚರಕನ ಸೂತ್ರಸ್ಥಾನವು ಆರೋಗ್ಯಕರ ದೇಶಗಳಲ್ಲಿ ಮರುಭೂಮಿಗೇ ಅಗ್ರಸ್ಥಾನವನ್ನಿತ್ತು, ಆನೂಪವನ್ನು ಅಹಿತದೇಶಗಳಲ್ಲಿ ಮೊದಲನೆಯದಾಗಿ ಗಣಿಸುತ್ತದೆ. ಮನುವಾದರೋ ಕೃಷ್ಣಮೃಗವು ಸ್ವಭಾವದಿಂದ ಸಂಚರಿಸುವ ದೇಶವೇ ಯಜ್ಞಯೋಗ್ಯವೆನ್ನುವನು. ಇದು ಧರ್ಮಶಾಸ್ತ್ರದ ಮಾತು, ಪ್ರಾಣಿಶಾಸ್ತ್ರದ್ದಲ್ಲ, ನಿಜ. ಆದರೂ ‘ಸ್ವಭಾವದಿಂದ’ ಎಂಬ ವಿಶೇಷಣವನ್ನು ಲಕ್ಷಿಸಬೇಕು. ಹಿಡಿದು ತಂದು ಬಿಟ್ಟ ಮೃಗವು ನೆಲಕ್ಕೆ ಸಾಕ್ಷಿಯಾಗಲಾರದು.

ಕಾಲಕ್ರಮದಲ್ಲಿ ಶಬ್ದವು ತಿರುಗಿಬಿದ್ದಿತು. ಇಂದು ‘ಜಂಗಲು’ ಎಂದರೆ ನಮಗೆ ದಟ್ಟವಾದ ಅಡವಿ. ಆಂಗ್ಲರ ‘ಜಂಗಲ್’ ಎಂಬುದೂ ಈ ಮೂಲದಿಂದಲೇ ಹೋದದ್ದು. ಈ ವಿಪರ್ಯಾಸವನ್ನು ಫ್ರೆಂಚ್ ವಿದ್ವಾಂಸರಾದ ಫ್ರಾನ್ಸಿಸ್ ಝಿಮ್ಮರ್‌ಮನ್ನರು 1982ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ವಿವೇಚಿಸಿರುವರು. ಬಯಲು ತನ್ನ ಹೆಸರನ್ನೇ ಕಾಡಿಗೆ ಕೊಟ್ಟು ತಾನು ಪಾಳೆನಿಸಿತು. ಇದಕ್ಕೆ ಶಬ್ದಾರ್ಥದ ವ್ಯತ್ಯಾಸವೊಂದೇ ಕಾರಣವೆನ್ನಲಾಗದು. ಸಾಗುವಳಿಯಿಲ್ಲದ ನೆಲವನ್ನು ಪಾಳೆಂದು ಬರೆದ ಬ್ರಿಟಿಷರ ಕಂದಾಯದ ಲೆಕ್ಕಗಳ ಪಾಲು ಹೆಚ್ಚಿನದೆಂದು ನಮಗೆ ತೋರುತ್ತದೆ. ಭಾರತ ಸರ್ಕಾರವು 2000ದಲ್ಲಿ ಪ್ರಕಟಿಸಿದ ಪಾಳುಭೂಮಿಗಳ ಭೂಪಟಸಂಗ್ರಹದಲ್ಲಿಯೂ ಕುರುಚಲು ನೆಲಗಳು ಆ ವರ್ಗದಲ್ಲಿಯೇ ಇರುವುವು.

ಪಾಳೆಂದ ಮೇಲೆ ಮರ ನೆಡುವುದೇ ಅದಕ್ಕೆ ಚಿಕಿತ್ಸೆಯೆನಿಸುವುದು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಸ್ಥಾಪಿತವಾದ, ಸುಮಾರು 119 ಚದರ ಕಿಲೋಮೀಟರು ವಿಸ್ತಾರವುಳ್ಳ ಕೃಷ್ಣಮೃಗಧಾಮದಲ್ಲಿ ಬಹುಭಾಗವನ್ನು ನೀಲಗಿರಿಯ ತೋಪುಗಳು ಆವರಿಸಿಕೊಂಡಿವೆ. ಮರಗಳ ಎಣಿಕೆಯಿಂದ ಅಳೆದರೆ ಆ ನೆಲವು ಸಮೃದ್ಧವೇ ಸರಿ. ಚರಕನ ಲಕ್ಷಣಗಳಿಂದ ಅಳೆದರೆ ಜಾಂಗಲವು ಅಲ್ಲಿ ಕುಗ್ಗಿದೆ. ಕೃಷ್ಣಮೃಗಗಳು ಉಳಿದಿವೆ, ಬಯಲನ್ನೇ ನಂಬಿ ಬದುಕುವ ಹೆಬ್ಬಕವು ಒಂದು ಕಾಲಕ್ಕೆ ಅಲ್ಲಿದ್ದುದು ಈಗ ಕಾಣಬರುವುದಿಲ್ಲ.