ವೆಂಕಟಪ್ಪನವರು ಕಂಡ ಬೆಟ್ಟ

ದಾದರಿನ ನಮ್ಮ ಬಿಡಾರದ ಕಿಟಕಿಯಿಂದ ಎದುರುಮನೆಯವರು ಒಣಹಾಕಿದ ಬಟ್ಟೆಯಲ್ಲದೆ ಬೇರೇನೂ ಕಾಣದು. ಬೆಟ್ಟವೆಂದರೆ ನಮ್ಮ ಮಕ್ಕಳಿಗೆ ಎರಡು ತ್ರಿಕೋನ, ನಡುವೆ ಒಬ್ಬ ಸೂರ್ಯ. ಕೆಲವು ವರ್ಷಗಳ ಹಿಂದೆ ಎಲ್.ಟಿ.ಸಿ. ಪಡೆದು ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನು ನೋಡಿದೆವು. ಕೆ. ವೆಂಕಟಪ್ಪನವರ ನೀಲಗಿರಿಯ ಜಲವರ್ಣವೊಂದರ ಎದುರು ನಿಂತ ಕಿರಿಯ ಮಗ, "ಅಪ್ಪಾ, ಸೂರ್ಯ ಎಲ್ಲಿ?" ಎಂದು ಕೇಳಿದ.

ವೆಂಕಟಪ್ಪನವರು 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಆ ಗುರುಮನೆಯದು ಪುರಾಣಗಳ ಲೋಕ. ಬಣ್ಣವನ್ನು ನೀರಿನಲ್ಲಿ ತೊಳೆದು ತೊಳೆದು ಕನಸಿನಂತೆ ಮಾಡುವ ರೀತಿ. ಅದರಲ್ಲಿ ಹೆಸರು ಪಡೆದವರು ನಾಡಿಗೆ ಮರಳಿದ ಮೇಲೆ, 1920ರ ದಶಕದಲ್ಲಿ, ಊಟಿಯ ಬೆಟ್ಟಗಳನ್ನು ಕಣ್ಣಿಗೆ ಕಂಡಂತೆ ಬರೆಯಲು ಕುಳಿತರು. ದೇವರಿಲ್ಲ, ರಾಜನಿಲ್ಲ, ಕಣಿವೆ, ಮೋಡ, ಮರ. ಫ್ರಾನ್ಸಿನ ಕೂರ್ಬೆ (1819–1877) ತನ್ನ ಹುಟ್ಟೂರಿನ ಸುಣ್ಣಕಲ್ಲಿನ ಬಂಡೆಗಳನ್ನು ದಪ್ಪ ತೈಲವರ್ಣದಲ್ಲಿ, ಚಾಕುವಿನಿಂದ ಮೆತ್ತಿ ಬರೆದು ವಾಸ್ತವವಾದಕ್ಕೆ ಹೆಸರಾದ. ಅದೇ ಹಟವನ್ನು ನಮ್ಮವರು ತಿಳಿನೀರಿನ ಬಣ್ಣದಲ್ಲಿ ಸಾಧಿಸಿದರೆಂದು ನಮ್ಮ ಅಭಿಪ್ರಾಯ. ಪಂಡಿತರು ಒಪ್ಪದಿರಬಹುದು.

ಬಿ.ಎಸ್ಸಿ. ಓದಿದ ಚಾಳಿಯಿಂದ ಒಂದು ಮಾತು. ನೀಲಗಿರಿಯ ಕಲ್ಲಿಗೆ ಚಾರ್ನೊಕೈಟ್ ಎಂದು ಹೆಸರು. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕನ ಗೋರಿಯ ಕಲ್ಲು ಇದೇ ಜಾತಿಯದಾದ್ದರಿಂದ ಭೂವಿಜ್ಞಾನಿ ಹಾಲೆಂಡ್ ಹಾಗೆ ಕರೆದ. ಕಲ್ಕತ್ತೆಯಲ್ಲಿ ಕಲಿತವರು ಬರೆದದ್ದು ಕಲ್ಕತ್ತೆಯ ಗೋರಿಯ ಹೆಸರು ಹೊತ್ತ ಕಲ್ಲಿನ ಬೆಟ್ಟವನ್ನು! ಅಲ್ಲಿನ ಅತಿ ಎತ್ತರದ ಶಿಖರ 2637 ಮೀಟರಿನ ದೊಡ್ಡಬೆಟ್ಟ. ಆ ಹೆಸರನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ; ಅಲ್ಲಿನ ಬಡಗರ ಮಾತು ಕನ್ನಡದ ನಂಟೇ.

ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು, ಮದುವೆಯಾಗಲಿಲ್ಲ. ಅರಮನೆಗೆ ಮಾಡಿದ ಉಬ್ಬುಶಿಲ್ಪಗಳ ಹಣಕ್ಕಾಗಿ ಕೋರ್ಟು ಹತ್ತಿದರು. 1965ರಲ್ಲಿ ತೀರಿಕೊಂಡರು. ಅಷ್ಟು ಚಿತ್ರಗಳು ಚದರಿಹೋಗದೆ ಒಂದು ಸೂರಿನಡಿ ಉಳಿದದ್ದು ನಮ್ಮ ಪುಣ್ಯ.

ಮರಳುವಾಗ ಉದ್ಯಾನ್ ಎಕ್ಸ್‌ಪ್ರೆಸ್ ಸಂಜೆ ಖಂಡಾಲಾ ಘಾಟಿ ಇಳಿಯುತ್ತಿತ್ತು. ಹೊರಗೆ ಮಳೆ, ಮಂಜು. ಮಗ ಕಿಟಕಿಗೆ ಮುಖವೊತ್ತಿ ನೋಡುವುದು, ಟಿಕೇಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚುವುದು. ಆ ಟಿಕೇಟನ್ನು ಎಲ್.ಟಿ.ಸಿ. ಬಿಲ್ಲಿಗೆ ಲಗತ್ತಿಸಬೇಕಾಗಿತ್ತು. ಕಿತ್ತುಕೊಳ್ಳಲು ಕೈ ಚಾಚಿದವರು ಹಾಗೆಯೇ ಸುಮ್ಮನಾದೆವು. ಅದರಲ್ಲಿ ತ್ರಿಕೋನವಿರಲಿಲ್ಲ.