ಬಾಗಿಲ ಹಸಿರಿಗೂ ಬಂತು ಕುತ್ತು

ಡಿಸೆಂಬರ್ ಬಂತೆಂದರೆ ಇಂಗ್ಲೆಂಡಿನ ಬಹುಪಾಲು ಮರಗಳು ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ. ಹಸಿರಾಗಿ ಉಳಿಯುವುದು ಕೆಲವೇ ಗಿಡ-ಬಳ್ಳಿಗಳು. ಅಂಥವುಗಳಲ್ಲಿ ಐವಿ ಬಳ್ಳಿ ಒಂದು. ಮುಳ್ಳಂಚಿನ ಎಲೆ, ಕೆಂಪು ಹಣ್ಣಿನ ಗೊಂಚಲಿನ ಹಾಲಿ ಗಿಡ ಇನ್ನೊಂದು. ನಾವು ಹಬ್ಬಕ್ಕೆ ಮಾವಿನ ತೋರಣ ಕಟ್ಟುವಂತೆ ಅಲ್ಲಿನವರು ಕ್ರಿಸ್‌ಮಸ್‌ಗೆ ಇವುಗಳಿಂದ ಮನೆ ಸಿಂಗರಿಸುತ್ತಿದ್ದರು. ಚರ್ಚುಗಳಲ್ಲೂ ಹಸಿರು ತುಂಬಿರುತ್ತಿತ್ತೆಂದು ಲಂಡನ್ನಿನ ಚರಿತ್ರೆ ಬರೆದ ಜಾನ್ ಸ್ಟೋ 1598ರಲ್ಲೇ ದಾಖಲಿಸಿದ್ದಾನೆ.

ಬಾಗಿಲಿಗೆ ಎಲೆ ಕಟ್ಟುವ ಪದ್ಧತಿ ರೋಮನ್ನರಲ್ಲೂ ಇತ್ತು. ಕ್ರೈಸ್ತರೂ ಹಾಗೆ ಮಾಡುವುದನ್ನು ಕಂಡು ಸುಮಾರು 1800 ವರ್ಷಗಳ ಹಿಂದೆ ಟರ್ಟುಲಿಯನ್ ಎಂಬ ಧರ್ಮಪಂಡಿತ ಸಿಡಿಮಿಡಿಗೊಂಡಿದ್ದ. ಅದೇ ಸಿಟ್ಟು ಇಂಗ್ಲೆಂಡಿನ ಪ್ಯೂರಿಟನ್ನರದ್ದು. ಬೈಬಲಿನಲ್ಲಿಲ್ಲದ ಹಬ್ಬವೇ ಬೇಡ ಎಂದರು ಅವರು. ದೊರೆಯೊಡನೆ ಯುದ್ಧ ಗೆದ್ದಿದ್ದ ಪಾರ್ಲಿಮೆಂಟು 1647ರ ಜೂನ್‌ನಲ್ಲಿ ಕ್ರಿಸ್‌ಮಸ್ಸನ್ನೇ ರದ್ದು ಮಾಡಿತು.

ಜನ ಸುಮ್ಮನಿರಲಿಲ್ಲ. ಆ ಡಿಸೆಂಬರ್‌ನಲ್ಲಿ ಲಂಡನ್ನಿನ ಕಾರ್ನ್‌ಹಿಲ್‌ನಲ್ಲಿ ಕಟ್ಟಿದ್ದ ಹಸಿರನ್ನು ಕೀಳಿಸಲು ಲಾರ್ಡ್ ಮೇಯರ್ ಖುದ್ದು ಬರಬೇಕಾಯಿತು. ಕೆಂಟ್ ಪ್ರಾಂತ್ಯದ ಕ್ಯಾಂಟರ್‌ಬರಿಯಲ್ಲಿ ಹಬ್ಬದ ದಿನ ಅಂಗಡಿ ತೆರೆಯಲೇಬೇಕೆಂದು ಅಪ್ಪಣೆಯಾಗಿತ್ತು. ತೆರೆದ ಅಂಗಡಿಗಳಿಗೆ ಗುಂಪು ನುಗ್ಗಿತು, ಅಲ್ಲಿನ ಮೇಯರನನ್ನೂ ಕೆಡವಿತು. ಮನೆಬಾಗಿಲುಗಳಲ್ಲಿ ಹಾಲಿ ಕೊಂಬೆಗಳು ಕಾಣಿಸಿಕೊಂಡವು. ಬರೀ ಅಲಂಕಾರವಾಗಿದ್ದ ಎಲೆ ಅಂದು ಬಾವುಟವಾಯಿತು ಎನ್ನಬೇಕು. ಮರುವರ್ಷ ಇಡೀ ಕೆಂಟ್ ದಂಗೆಯೆದ್ದದ್ದಕ್ಕೆ ಈ ಗಲಭೆಯೂ ಒಂದು ಕಾರಣ.

1660ರಲ್ಲಿ ಅರಸೊತ್ತಿಗೆ ಮರಳಿತು, ನಿಷೇಧ ತೊಲಗಿತು. ಹಾಲಿ, ಐವಿಗಳು ರಾಜಾರೋಷವಾಗಿ ಮನೆ ಸೇರಿದವು. ಕ್ರಿಸ್‌ಮಸ್ ಮರ ಅಲ್ಲಿ ಜನಪ್ರಿಯವಾದದ್ದು ಬಹಳ ತಡವಾಗಿ. ರಾಣಿ ವಿಕ್ಟೋರಿಯಾಳ ಕುಟುಂಬ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಮೇಲೆ.